ಒಂದೇ ಒಂದು ರನ್

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ 1991ರ ವರ್ಲ್ಡ್ ಸೀರೀಸ್‌ನ, ಅಂದರೆ ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿಯ, ಏಳನೇ ಹಾಗೂ ನಿರ್ಣಾಯಕ ಪಂದ್ಯ ಹಾಕಿಕೊಂಡು ಕೂತೆ. ಮಿನ್ನೆಸೋಟ ಟ್ವಿನ್ಸ್, ಅಟ್ಲಾಂಟಾ ಬ್ರೇವ್ಸ್. ಸಾಮಾನ್ಯವಾಗಿ ಆಟ ಮುಗಿಯುವ ಒಂಬತ್ತು ಇನಿಂಗ್ಸ್ ಮುಗಿದರೂ 0-0!

ಎಂಟನೇ ಇನಿಂಗ್ಸ್ ನೋಡಬೇಕು. ಬ್ರೇವ್ಸ್‌ನವರು ಎರಡನೇ, ಮೂರನೇ ಬೇಸ್‌ನಲ್ಲಿ ನಿಂತಿದ್ದಾರೆ, ಒಬ್ಬರೂ ಔಟಾಗಿಲ್ಲ, ಒಂದು ಒಳ್ಳೆಯ ಹೊಡೆತ ಬಿದ್ದರೆ ರನ್. ಆದರೂ ಟ್ವಿನ್ಸ್‌ನ ಪಿಚರ್ (ಚೆಂಡು ಎಸೆಯುವವರು) ಜ್ಯಾಕ್ ಮಾರಿಸ್ ಒಂದು ರನ್ನೂ ಬಿಟ್ಟುಕೊಡಲಿಲ್ಲ. ಆಗ ಅವರಿಗೆ 36 ವರ್ಷ. ಹತ್ತನೇ ಇನಿಂಗ್ಸ್‌ಗೂ ಅವರೇ ಬಂದರು, ಒಟ್ಟು 126 ಎಸೆತ. ರನ್ ಬಾರದ ಆಟ ಬೋರ್ ಅಂತಾರೆ. ನನಗಂತೂ ಒಂದೊಂದು ಎಸೆತಕ್ಕೂ ಉಸಿರು ಬಿಗಿಯಾಗುತ್ತಿತ್ತು.

ಕೊನೆಗೆ ಟ್ವಿನ್ಸ್‌ನ ಜೀನ್ ಲಾರ್ಕಿನ್ ಹೊಡೆತಕ್ಕೆ ಡ್ಯಾನ್ ಗ್ಲ್ಯಾಡನ್ ಓಡಿ ಬಂದು, ರನ್ ಪೂರ್ಣವಾಗುವ ಹೋಮ್ ಪ್ಲೇಟ್ ತುಳಿದರು. ಟ್ವಿನ್ಸ್‌ಗೆ 1-0 ಗೆಲುವು.

ಎದುರಾಳಿ ಪಿಚರ್ ಜಾನ್ ಸ್ಮೋಲ್ಟ್ಸ್‌ಗೆ ಆಗ 24. ಎಂಟನೇ ಇನಿಂಗ್ಸ್‌ನಲ್ಲಿ ಹೊರಹೋಗುವವರೆಗೆ ಅವರೂ ಒಂದು ರನ್ನೂ ಕೊಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ಮಿಷಿಗನ್‌ನಲ್ಲಿ ಅವರು ಮೆಚ್ಚಿಕೊಂಡು ನೋಡುತ್ತಿದ್ದದ್ದು ಇದೇ ಮಾರಿಸ್ ಆಟವನ್ನು!