ವಾಷಿಂಗ್ಟನ್ ಮೇಲೆ ಮಾಲಿ

ಇವತ್ತು ಆಲ್ಬಮ್ಮಿಗೆ ಹೊಸ ಅತಿಥಿ: 1928ರ ಅಮೆರಿಕದ ಎರಡು ಸೆಂಟಿನ ಕೆಂಪು ಸ್ಟಾಂಪು. ಚಿತ್ರ ಜಾರ್ಜ್ ವಾಷಿಂಗ್ಟನ್‌ದು, ಅದರ ಮೇಲೆ ಕಪ್ಪು ಶಾಯಿಯಲ್ಲಿ ಒತ್ತಿರೋದು ‘ಮಾಲಿ ಪಿಚರ್’. ಅಮೆರಿಕದ ಸ್ವಾತಂತ್ರ್ಯ ಯುದ್ಧದ 1778ರ ಮನ್ಮತ್ ಕಾಳಗದಲ್ಲಿ, ಸುಡುಬಿಸಿಲಲ್ಲಿ ಸೈನಿಕರಿಗೆ ನೀರು ಹೊತ್ತು ಕೊಟ್ಟು, ಆಮೇಲೆ ಫಿರಂಗಿಗೂ ಕೈಹಚ್ಚಿದಳು ಅಂತ ಹೇಳೋ ಹೆಂಗಸು. ಕಾಳಗಕ್ಕೆ 150 ವರ್ಷ ತುಂಬಿದಾಗ ಅವಳಿಗೆ ಬೇರೆ ಸ್ಟಾಂಪು ಮಾಡಲಿಲ್ಲ. ದಿನಬಳಕೆಯದ್ದರ ಮೇಲೇ ಹೆಸರು ಹೊಡೆದು ಮುಗಿಸಿದರು. ಅದೇ ವರ್ಷ ಹವಾಯಿಗೂ ಇದೇ ಉಪಚಾರ, ಎರಡು ಮತ್ತು ಐದು ಸೆಂಟಿನವು. (ಆ ಜೋಡಿ ನನ್ನ ಹತ್ರ ಇನ್ನೂ ಇಲ್ಲ, ಜೇಬು ಒಪ್ತಿಲ್ಲ.)

ಎಂಥಾ ಜಿಪುಣರಪ್ಪಾ ಅಂತ ಮೊದಲು ಸಿಟ್ಟು ಬಂತು. ಆಮೇಲೆ ಲೆನ್ಸ್ ಹಿಡಿದು ನೋಡ್ತಾ ಕೂತೆ. ಆ ಕಾಳಗದ ಸೇನಾಪತಿಯ ಚಿತ್ರದ ಮೇಲೇ ನೀರು ಹೊತ್ತವಳ ಹೆಸರು! ನಗು ತಡೆಯಲಾಗಲಿಲ್ಲ.