ಚರ್ಚ್‌ನವರು ಸಿನಿಮಾ ನೋಡಿ ಏನು ಮಾಡ್ತೀರಿ?

"ಚರ್ಚ್‌ನಲ್ಲಿ ಸಿನಿಮಾನಾ? ಯೇಸು ಸಿನಿಮಾ ಮಾತ್ರ ತಾನೇ? ಮುತ್ತು ಕೊಡೋ ಸೀನ್ ಬಂದ್ರೆ ಓಡಿಸ್ತೀರಾ?"

ನಮ್ಮ ಧರ್ಮಕೇಂದ್ರದಲ್ಲಿ ಕೆಲವರು ಸೇರಿ ಸಿನಿಮಾ ನೋಡುತ್ತೇವೆ, ಆಮೇಲೆ ಶುಭಸಂದೇಶ (ಬೈಬಲ್‌ನಲ್ಲಿ ಯೇಸುವಿನ ಬದುಕು, ಬೋಧನೆ ಇರುವ ಭಾಗ) ಇಟ್ಟುಕೊಂಡು ಮಾತಾಡುತ್ತೇವೆ. ಅಷ್ಟು ಹೇಳಿದರೆ ಸಾಕು, ಈ ಪ್ರಶ್ನೆಗಳು ಶುರು. ಮದುವೆ ಊಟದಲ್ಲೂ ಬಿಡುವುದಿಲ್ಲ. ಇಲ್ಲ, ಓಡಿಸುವುದಿಲ್ಲ. ಯೇಸುವಿನ ಕಥೆ ಮಾತ್ರ ನೋಡುವುದೂ ಇಲ್ಲ.

ಜನರ ಅನುಮಾನಕ್ಕೆ ಕಾರಣ ಇದೆ. 1930ರ ದಶಕದಲ್ಲಿ ಅಮೆರಿಕದ ಕ್ಯಾಥೊಲಿಕರು ಕೆಟ್ಟ ಸಿನಿಮಾ ನೋಡುವುದಿಲ್ಲ ಎಂದು ಚರ್ಚ್‌ನಲ್ಲೇ ನಿಂತು ಪ್ರತಿಜ್ಞೆ ಮಾಡುತ್ತಿದ್ದರು. ಆದರೆ ಸಿನಿಮಾಕ್ಕೆ ನೂರು ತುಂಬಿದ 1995ರಲ್ಲಿ ವ್ಯಾಟಿಕನ್ನೇ 45 ಮುಖ್ಯ ಸಿನಿಮಾಗಳ ಪಟ್ಟಿ ಕೊಟ್ಟಿತು. ಅದರಲ್ಲಿ ಇಟಲಿಯ ನಿರ್ದೇಶಕ ಡಿ ಸಿಕಾ 1948ರಲ್ಲಿ ಮಾಡಿದ 'ಬೈಸಿಕಲ್ ಥೀವ್ಸ್' ಇದೆ. ಅದರಲ್ಲಿ ಬರುವ ಚರ್ಚ್‌ಗೆ ಏನೂ ಹೊಗಳಿಕೆ ಇಲ್ಲ. ಬಡವರನ್ನು ಕೂಡಿಸಿ ಪ್ರಾರ್ಥನೆ ಮಾಡಿಸಿ ಸೂಪು ಕೊಡುವ ಜನ, ಸೈಕಲ್ ಕಳೆದುಕೊಂಡು ಒದ್ದಾಡುತ್ತಿರುವವನಿಗೆ ಸದ್ದು ಮಾಡಬೇಡ ಅನ್ನುತ್ತಾರೆ. ನಮ್ಮಲ್ಲಿ ಬಡವರಿಗೆ ಅಕ್ಕಿ ಹಂಚುವವರಿಗೆ ಆ ಸೀನ್ ಚುಚ್ಚಿತು. ಚುಚ್ಚಲಿ. ಅದಕ್ಕೇ ಅಲ್ವಾ ನೋಡುವುದು?

ಅವತ್ತು ಹೊಸದಾಗಿ ಬಂದಿದ್ದ ಒಬ್ಬರು, "ಇದರಲ್ಲಿ ಯೇಸು ಎಲ್ಲಿದ್ದಾರೆ?" ಅಂದರು. ನನಗೆ ಸಿಟ್ಟು ಬರುವುದು ಇದಕ್ಕೇ. ಸಿನಿಮಾದ ಮೂಲೆಮೂಲೆಯಲ್ಲಿ ಶಿಲುಬೆ ಹುಡುಕಲು ನಾವು ಕೂತಿಲ್ಲ. ಮನುಷ್ಯರು ಒಬ್ಬರನ್ನೊಬ್ಬರು ಹೇಗೆ ನಡೆಸಿಕೊಳ್ಳುತ್ತಾರೆ ಎಂದು ನೋಡಲು ಕೂತಿದ್ದೇವೆ.

ಕೇಳುವುದಾದರೆ ಕೊನೆಯ ಸೀನ್ ಬಗ್ಗೆ ಕೇಳಿ. ಬೇರೆ ದಾರಿ ಕಾಣದೆ, ಸೈಕಲ್ ಕಳೆದುಕೊಂಡ ಆ ಅಪ್ಪನೇ ಒಂದು ಸೈಕಲ್ ಕದಿಯುತ್ತಾನೆ. ಜನ ಹಿಡಿದು ಹೊಡೆಯುತ್ತಾರೆ. ಸೈಕಲ್ ಮಾಲೀಕ ಅಳುತ್ತಿರುವ ಅವನ ಪುಟ್ಟ ಮಗನನ್ನು ನೋಡಿ, ಹೋಗಲಿ ಬಿಡಿ ಅನ್ನುತ್ತಾನೆ. ಹಾಗೆ ಬಿಟ್ಟಿದ್ದು ಸರಿಯಾ?

ನಮ್ಮ ಗುಂಪಿನ ನಿವೃತ್ತ ಪೊಲೀಸರೊಬ್ಬರು ಸುತರಾಂ ಒಪ್ಪಲಿಲ್ಲ. "ಬೈಬಲ್‌ನಲ್ಲಿ ಬರೋ ತೆರಿಗೆ ವಸೂಲಿಯ ಜಕ್ಕಾಯ ಮೋಸ ಮಾಡಿದ್ದಕ್ಕೆ ನಾಲ್ಕು ಪಟ್ಟು ವಾಪಸ್ ಕೊಡ್ತೀನಿ ಅಂದ. ಇವನು ಏನು ಕೊಟ್ಟ?" ಅಂದರು. ಇವನ ಹತ್ತಿರ ಕೊಡಲು ಏನಿತ್ತು ಅಂದೆ. "ಮಗು ಜೊತೆಗಿಲ್ಲದಿದ್ದರೆ ಮಾಲೀಕ ಬಿಡ್ತಿದ್ದನಾ?" ಅಂದರು.

ಈ ಪ್ರಶ್ನೆ ಹಿಡಿದುಕೊಂಡು ಬನ್ನಿ. ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತೇನೆ.