ಜಾಹೀರಾತಲ್ಲಿ ಕ್ರಿಪ್ಟೋ ಅನ್ನೋ ಮಾತೇ ಇರಲಿಲ್ಲ

ನನ್ನ ಹತ್ತಿರ ಗ್ರೀನ್ ಕಾರ್ಡ್ ಇದೆ, ಸಿಟಿಜನ್‌ಶಿಪ್ ಇಲ್ಲ. ಹಾಗಾಗಿ ಓಹಿಯೋದಲ್ಲಿ ಮನೆ ಮಾಡಿಕೊಂಡು ಟ್ಯಾಕ್ಸ್ ಕಟ್ಟುತ್ತಿದ್ದರೂ ವೋಟು ಹಾಕುವಂತಿಲ್ಲ. ಆದರೆ ಅಭ್ಯರ್ಥಿಗೆ ದುಡ್ಡು ಕೊಡಬಹುದು! ಸುಮ್ನೆ ಹೇಳ್ತಿಲ್ಲ, ಕಾನೂನೇ ಒಪ್ಪುತ್ತದೆ. ಎಚ್1ಬಿ ವೀಸಾದಲ್ಲಿರುವವರಿಗೆ ಪಾಪ ಅದೂ ಇಲ್ಲ.

ನನ್ನಂಥವರು ಕೊಡುವ ದುಡ್ಡಿಗೆ ಮಿತಿ ಇದೆ. 2024ರಲ್ಲಿ ಒಬ್ಬ ಅಭ್ಯರ್ಥಿಗೆ 3,300 ಡಾಲರ್, ಪ್ರೈಮರಿಗೆ, ಅಂದರೆ ಅಭ್ಯರ್ಥಿಗಳನ್ನು ಆರಿಸುವ ಮೊದಲ ಸುತ್ತಿಗೆ, ಬೇರೆ ಲೆಕ್ಕ, ನವೆಂಬರಿನ ಮುಖ್ಯ ಚುನಾವಣೆಗೆ ಬೇರೆ ಲೆಕ್ಕ. ಅಭ್ಯರ್ಥಿಗೆ ಕೊಡದೆ ತಾವೇ ಪ್ರಚಾರಕ್ಕೆ ಖರ್ಚು ಮಾಡುವ ಗುಂಪಿಗೆ, ಅಂದರೆ ಸೂಪರ್ ಪ್ಯಾಕ್‌ಗೆ, ಕೊಡುವುದಾದರೆ ಮಿತಿಯೇ ಇಲ್ಲ. 2010ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಿಟಿಜನ್ಸ್ ಯುನೈಟೆಡ್ ಕೇಸಲ್ಲಿ ತೀರ್ಪು ಕೊಟ್ಟಿತು, 5–4ರಲ್ಲಿ. ಕಂಪನಿಗಳೂ ಯೂನಿಯನ್‌ಗಳೂ ತಮ್ಮ ಪಾಡಿಗೆ ತಾವು ಚುನಾವಣೆಗೆ ಎಷ್ಟು ಬೇಕಾದರೂ ಖರ್ಚು ಮಾಡಬಹುದು, ಅದು ಮಾತಾಡುವ ಸ್ವಾತಂತ್ರ್ಯ ಅಂತ. ಮಾರ್ಚಲ್ಲಿ ವಾಷಿಂಗ್ಟನ್ನಿನ ಅಪೀಲು ಕೋರ್ಟು ಇನ್ನೊಂದು ಕೇಸಲ್ಲಿ, ಹಾಗೆ ಖರ್ಚು ಮಾಡುವ ಗುಂಪಿಗೆ ಯಾರು ಎಷ್ಟಾದರೂ ಕೊಡಬಹುದು ಅಂದಿತು. ಅಲ್ಲಿಂದ ಹುಟ್ಟಿದ್ದು ಸೂಪರ್ ಪ್ಯಾಕ್. ಮುಖ್ಯ ಷರತ್ತು, ಅಭ್ಯರ್ಥಿಯ ಜೊತೆ ಕೂತು ಲೆಕ್ಕಾಚಾರ ಹಾಕುವಂತಿಲ್ಲ. ಇದನ್ನೆಲ್ಲ ನೋಡಿಕೊಳ್ಳಬೇಕಾದ ಚುನಾವಣಾ ಆಯೋಗದಲ್ಲಿ ಆರು ಸೀಟು, ಯಾವುದೇ ಕ್ರಮಕ್ಕೆ ನಾಲ್ಕು ವೋಟು ಬೇಕು, ಒಂದು ಪಕ್ಷದವರು ಮೂರಕ್ಕಿಂತ ಜಾಸ್ತಿ ಇರುವಂತಿಲ್ಲ. ಮೂರು ಮೂರಾಗಿ ನಿಂತರೆ ಕಥೆ ಅಲ್ಲಿಗೇ ಮುಗೀತು.

ಈಗ ನಮ್ಮ ಓಹಿಯೋಗೆ ಬರೋಣ. 2024ರ ಸೆನೆಟ್ ಚುನಾವಣೆಯಲ್ಲಿ ಡೆಮಾಕ್ರಾಟ್ ಶೆರಾಡ್ ಬ್ರೌನ್ ಎದುರು ರಿಪಬ್ಲಿಕನ್ ಬರ್ನಿ ಮೊರೆನೊ ನಿಂತಿದ್ದರು. ಬ್ರೌನ್ ಆಗ ಸೆನೆಟ್ಟಿನ ಬ್ಯಾಂಕಿಂಗ್ ಸಮಿತಿಯ ಅಧ್ಯಕ್ಷರಾಗಿದ್ದರು, ಕ್ರಿಪ್ಟೋ ಕಂಪನಿಗಳ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ, ಅದನ್ನು ಮುಚ್ಚಿಟ್ಟವರೂ ಅಲ್ಲ. ಆ ಸೀಸನ್ನಿನಲ್ಲಿ ಟಿವಿ ಹಾಕಿದರೆ ಸಾಕು, ಒಂದರ ಹಿಂದೆ ಒಂದು ಮೊರೆನೊ ಪರ ಜಾಹೀರಾತು. ಕೊನೆಯಲ್ಲಿ ದುಡ್ಡು ಕೊಟ್ಟವರ ಹೆಸರು ಸಣ್ಣ ಅಕ್ಷರದಲ್ಲಿ ಬರುತ್ತಲ್ವಾ, ಅಲ್ಲಿ "ಡಿಫೆಂಡ್ ಅಮೆರಿಕನ್ ಜಾಬ್ಸ್" ಅಂತ ಇರೋದು. ಹೆಸರು ಕೇಳಿದರೆ ಯಾವುದೋ ಕಾರ್ಮಿಕರ ಸಂಘ ಅನ್ನಿಸಬೇಕು. ಅಸಲಿಗೆ ಅದು ಫೇರ್‌ಶೇಕ್ ಅನ್ನೋ ಕ್ರಿಪ್ಟೋ ಸೂಪರ್ ಪ್ಯಾಕ್‌ನ ಕೂಸು. ಕಾಯಿನ್‌ಬೇಸ್, ರಿಪಲ್ ಅನ್ನೋ ಕ್ರಿಪ್ಟೋ ಕಂಪನಿಗಳ ಮತ್ತು ಆಂಡ್ರೀಸನ್ ಹೊರೊವಿಟ್ಜ್ ಅನ್ನೋ ಹೂಡಿಕೆ ಸಂಸ್ಥೆಯ ದುಡ್ಡು. ಈ ಒಂದು ಸೀಟಿಗೆ ಸುಮಾರು 4 ಕೋಟಿ ಡಾಲರ್ ಸುರಿದರು. ಕ್ರಿಪ್ಟೋ ಬಗ್ಗೆ ಜಾಹೀರಾತಲ್ಲಿ ತುಟಿ ಪಿಟಕ್ ಅನ್ನಲಿಲ್ಲ.

ಬ್ರೌನ್ ಸೋತರು. ಈ ದುಡ್ಡೊಂದರಿಂದಲೇ ಸೋತರು ಅನ್ನೋದು ತಪ್ಪು. ಟ್ರಂಪ್ ಈ ರಾಜ್ಯವನ್ನು ದೊಡ್ಡ ಅಂತರದಲ್ಲಿ ಗೆದ್ದ ವರ್ಷ ಅದು. ಆದರೆ ಉಳಿದ ಸೆನೆಟರುಗಳು ಇದನ್ನು ನೋಡುತ್ತಾ ಕೂತಿದ್ದರು ಅನ್ನೋದೇ ನನಗೆ ಮುಖ್ಯ. ಅದೇ ವರ್ಷ ಕ್ಯಾಲಿಫೋರ್ನಿಯಾದ ಸೆನೆಟ್ ಪ್ರೈಮರಿಯಲ್ಲಿ ಡೆಮಾಕ್ರಾಟ್ ಕೇಟಿ ಪೋರ್ಟರ್ ವಿರುದ್ಧ ಇದೇ ಫೇರ್‌ಶೇಕ್ ಸುಮಾರು 1 ಕೋಟಿ ಡಾಲರ್ ಖರ್ಚು ಮಾಡಿತ್ತು, ಅವರೂ ಸೋತಿದ್ದರು. 2025ರ ಜುಲೈ ಹೊತ್ತಿಗೆ ಕ್ರಿಪ್ಟೋದವರು ಬಯಸಿದ್ದ ಸ್ಟೇಬಲ್‌ಕಾಯಿನ್ (ಡಾಲರಿನಂಥ ಹಣಕ್ಕೆ ಬೆಲೆ ಕಟ್ಟಿದ ಕ್ರಿಪ್ಟೋ) ಕಾಯ್ದೆ ಪಾಸಾಗಿ ಸಹಿಯೂ ಬಿತ್ತು, ಡೆಮಾಕ್ರಾಟರಲ್ಲೂ ಸಾಕಷ್ಟು ಜನ ಕೈ ಎತ್ತಿದರು. ಕೆಲವರಿಗೆ ಮಸೂದೆ ನಿಜವಾಗಿ ಇಷ್ಟವೇ ಆಗಿರಬಹುದು. ಆದರೆ ಒಬ್ಬರಿಬ್ಬರಿಗೆ ಬಿಸಿ ಮುಟ್ಟಿಸಿದರೆ ಮಿಕ್ಕವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಬೆಳಗಾವಿ ಜಿಲ್ಲೆ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ ಕಥೆ ಇನ್ನೂ ಸ್ವಾರಸ್ಯ. 2018ರಲ್ಲಿ ಮಿಶಿಗನ್ ಗವರ್ನರ್ ಆಗೋಕೆ ಸ್ವಂತ ಜೇಬಿನಿಂದ 1 ಕೋಟಿ ಡಾಲರಿನಷ್ಟು ಹಾಕಿ ಪ್ರೈಮರಿಯಲ್ಲೇ ಮೂರನೆಯವರಾದರು. ಆಮೇಲೆ ರಾಜ್ಯದ ಶಾಸಕರಾದರು. ಆಗ ಇಸ್ರೇಲಿಗೆ ಅಮೆರಿಕದ ನೆರವು ನಿಲ್ಲಿಸಬೇಕು ಅನ್ನೋ ನಿರ್ಣಯಕ್ಕೆ ಇವರ ಹೆಸರೂ ಇತ್ತು. 2022ರಲ್ಲಿ ಡೆಟ್ರಾಯ್ಟಿನಿಂದ ಅಮೆರಿಕದ ಸಂಸತ್ತು ಕಾಂಗ್ರೆಸ್ಸಿಗೆ ನಿಂತಾಗ, ಇಸ್ರೇಲ್ ಪರ ಲಾಬಿ ಐಪ್ಯಾಕ್‌ನ ಸೂಪರ್ ಪ್ಯಾಕ್ ಎದುರಾಳಿ ಆ್ಯಡಮ್ ಹಾಲಿಯರ್ ಪರ 40 ಲಕ್ಷ ಡಾಲರ್‌ಗೂ ಜಾಸ್ತಿ ಖರ್ಚು ಮಾಡಿತು. ಥಾಣೇದಾರ್ ಮತ್ತೆ ಸ್ವಂತ ದುಡ್ಡು ಹಾಕಿದರು, ಗೆದ್ದೂ ಬಿಟ್ಟರು. ಗೆದ್ದ ಮೇಲೆ ನೋಡಿ, ಹಳೇ ನಿರ್ಣಯದಿಂದ ದೂರ ಸರಿದು ಇಸ್ರೇಲಿನ ಗಟ್ಟಿ ಬೆಂಬಲಿಗರಾದರು. 2024ರಲ್ಲಿ ಅದೇ ಐಪ್ಯಾಕ್ ಇವರ ಬೆನ್ನಿಗಿತ್ತು. ಮನಸ್ಸು ಯಾಕೆ ಬದಲಾಯಿತು ಅಂತ ಅವರೇ ಹೇಳಬೇಕು. ನನಗೆ ಕಾಣೋದು ಇಷ್ಟೇ: ಸೋತ ಲಾಬಿಗೂ ಬೇಕಾದ್ದು ಸಿಕ್ಕಿತು.

ಹಾಗಂತ ಶ್ರೀಮಂತರು ಹಾಕಿದ್ದೆಲ್ಲ ಫಲ ಕೊಡಲ್ಲ. ನ್ಯೂಯಾರ್ಕಿನ ಮಾಜಿ ಮೇಯರ್ ಬ್ಲೂಮ್‌ಬರ್ಗ್ 2020ರಲ್ಲಿ ಅಧ್ಯಕ್ಷರಾಗೋಕೆ 100 ಕೋಟಿ ಡಾಲರಿಗೂ ಜಾಸ್ತಿ ಸ್ವಂತ ದುಡ್ಡು ಸುಟ್ಟು ಪ್ರೈಮರಿಗಳಲ್ಲಿ ಗೆದ್ದದ್ದು ಅಮೆರಿಕನ್ ಸಮೋವಾ ಅನ್ನೋ ಪುಟ್ಟ ದ್ವೀಪ ಪ್ರದೇಶ ಒಂದನ್ನೇ. ಮಸ್ಕ್ 2024ರಲ್ಲಿ 25 ಕೋಟಿ ಡಾಲರಿಗಿಂತ ಜಾಸ್ತಿ ಹಾಕಿ ಟ್ರಂಪ್ ಗೆದ್ದದ್ದನ್ನು ನೋಡಿದರು. ಆರು ತಿಂಗಳೂ ಆಗಿರಲಿಲ್ಲ, ವಿಸ್ಕಾನ್ಸಿನ್‌ನ ಒಬ್ಬ ಜಡ್ಜ್ ಚುನಾವಣೆಗೆ 2 ಕೋಟಿ ಸುರಿದು, ವೇದಿಕೆ ಮೇಲೆ ಇಬ್ಬರು ಮತದಾರರಿಗೆ ಹತ್ತು ಲಕ್ಷ ಡಾಲರಿನ ದೊಡ್ಡ ದೊಡ್ಡ ಚೆಕ್ ಹಿಡಿಸಿದರು, ಆದರೂ ಅವರು ಬೆಂಬಲಿಸಿದ ಅಭ್ಯರ್ಥಿ ಸೋತರು. ಅಲ್ಲಿನ ಜನಕ್ಕೆ ದುಡ್ಡು ಯಾರದ್ದು ಅಂತ ಮುಖ ಸಮೇತ ಗೊತ್ತಿತ್ತು, ಎದುರಾಳಿಗಳು ಅದನ್ನೇ ಹಿಡಿದು ಪ್ರಚಾರ ಮಾಡಿದರು. ಫೇರ್‌ಶೇಕ್‌ಗೆ ಅಂಥ ಮುಖ ಇಲ್ಲ. ಓಹಿಯೋದಲ್ಲಿ ಯಾರ ಮೇಲೆ ಸಿಟ್ಟು ಮಾಡಿಕೊಳ್ಳೋದು?

ನವೆಂಬರಿನ ಆ ಚುನಾವಣೆ ಮುಗಿದು ಕೆಲವೇ ತಿಂಗಳಲ್ಲಿ ಫೇರ್‌ಶೇಕ್, 2026ಕ್ಕೆ ನಮ್ಮ ಕೈಯಲ್ಲಿ ಈಗಲೇ 10 ಕೋಟಿ ಡಾಲರಿಗಿಂತ ಜಾಸ್ತಿ ಇದೆ ಅಂತ ಹೇಳಿಕೊಂಡಿತು. ಯಾರ ಪರ, ಯಾರ ವಿರುದ್ಧ ಅನ್ನೋದು ಆಮೇಲಿನ ಮಾತು. ಮೊತ್ತ ಎಷ್ಟು ಅಂತ ಮಾತ್ರ ಎಲ್ಲರ ಕಿವಿಗೂ ಬೀಳಬೇಕಿತ್ತು, ಬಿತ್ತು.